ಮೂವತ್ತೆರಡು ಘನ ಅಡಿ

ಶಾಲೆಯ ಬಿಸಿಯೂಟಕ್ಕೆ ಕೊಂಡ ಕಟ್ಟಿಗೆ
ಎಷ್ಟು ಘನ ಮೀಟರು ಎಂದು ಆಡಿಟಿನವರು ಕೇಳಿದ್ದಾರಂತೆ.
ಈಶ್ವರ ನಾಯ್ಕ ಮಾಷ್ಟ್ರು ಸೀತಾಂಗೋಳಿಯ ನಮ್ಮ ಮಿಲ್ಲಿಗೆ ಬಂದು
ಮಲಯಾಳದಲ್ಲಿ ಅಚ್ಚಾದ ಫಾರಮನ್ನು ನನ್ನ ಮೇಜಿನ ಮೇಲಿಟ್ಟು
ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ನಾವು ಕೊಟ್ಟದ್ದು ಅಟ್ಟಿಯ ಲೆಕ್ಕದಲ್ಲಿ.
ಆರಡಿ ಉದ್ದ, ನಾಲ್ಕಡಿ ಎತ್ತರ,
ದಂಡು ಎಷ್ಟುದ್ದವೋ ಅಷ್ಟೇ ಅಗಲ, ಅದೂ ನಾಲ್ಕು.
ರಬ್ಬರ್ ಮರದ ಮೈಯನ್ನು ಯಂತ್ರ ತಿರುತಿರುಗಿಸಿ ಸುಲಿದು
ಸೀರೆಯ ಹಾಗೆ ಬಿಚ್ಚಿ ಹಾಕಿದ ಮೇಲೆ
ಕೊನೆಗೆ ಉಳಿಯುತ್ತದಲ್ಲ, ಲಟ್ಟಣಿಗೆ ದಪ್ಪದ ನಡುದಂಡು,
ಅದು.
ಮೂಸಕುಂಞಿ ಹಾಜಿಯವರು ಶಾಲೆಗೆ ಅರ್ಧ ಕ್ರಯಕ್ಕೆ ಕೊಡುತ್ತಾರೆ.
ಅವರೂ ಓದಿದ್ದು ಅಲ್ಲೇ, ಮೂರನೆಯವರೆಗೆ.

ತೊಂಬತ್ತಾರು ಘನ ಅಡಿ, ಅಂದೆ.
ಆದರೆ ಅದು ಅಟ್ಟಿ, ಮರವಲ್ಲ.
ಗಂಟು, ಓರೆ, ಸಂದು ಕಳೆದರೆ
ಮರ ಮೂರರಲ್ಲಿ ಎರಡು ಪಾಲು: ಅರವತ್ತನಾಲ್ಕು.
ಮೀಟರಿಗೆ ತಿರುಗಿಸಿದರೆ ಒಂದು ಮುಕ್ಕಾಲಿಗೆ ತುಸು ಮೇಲೆ.
ಅಷ್ಟೇ ಮರವನ್ನು ಅಂಟು ಬಳಿದು ಒತ್ತಿ ಹಲಗೆ ಮಾಡಿದ್ದರೆ
ಹನ್ನೆರಡು ಎಂ.ಎಂ.ನದ್ದು ಐವತ್ತು ಬರುತ್ತಿತ್ತು.
ಒಂದು ಹಲಗೆಗೆ ಮೂವತ್ತೆರಡು ಚದರ ಅಡಿ.
ಅಟ್ಟಿಯೊಳಗಿನ ಖಾಲಿಯೂ ಮೂವತ್ತೆರಡು.
ಅದಕ್ಕೇನೂ ಅರ್ಥವಿಲ್ಲ. ಆದರೂ ಎರಡು ಸಲ ಕೂಡಿಸಿ ನೋಡಿದೆ.

ಅಪ್ಪ ಇದೇ ಅಂಗಳದಲ್ಲಿ ಮರ ಅಳೆಯುತ್ತಿದ್ದದ್ದು ದಾರದಲ್ಲಿ.
ದಿಮ್ಮಿಗೆ ಒಂದು ಸುತ್ತು ಬಿಗಿದು
ದಾರವನ್ನು ನಾಲ್ಕು ಮಡಿಸಿ
ಆ ಮಡಿಕೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ.
ಹತ್ತು ಎಂದು ಬರೆದ ಮರದಲ್ಲಿ
ನಿಜಕ್ಕೂ ಹನ್ನೆರಡೂ ಮುಕ್ಕಾಲು ಇರುತ್ತಿತ್ತು.
ಉಳಿದದ್ದು ಎಲ್ಲಿ ಹೋಯಿತು, ಕೇಳಿದ್ದೆ.
ತೊಗಟೆಗೆ, ಗರಗಸಕ್ಕೆ, ಸಾಹುಕಾರರಿಗೆ, ಅಂದಿದ್ದ.
ಆ ಕ್ರಮದಲ್ಲೇ.

ಮಾಷ್ಟ್ರು ಫೋನಿನಲ್ಲಿ ಅಡುಗೆಯ ಭಾಗಿಯಕ್ಕನನ್ನು ಹಿಡಿದರು.
ಸ್ಪೀಕರಿನಲ್ಲಿ ಮೊದಲು ಕೇಳಿಸಿದ್ದು ಒಗ್ಗರಣೆ.
ತೊಂಬತ್ತಾರರಲ್ಲಿ ಮೂವತ್ತೆರಡು ಬರೇ ಗಾಳಿಯಂತೆ ಮಾರಾಯ್ತಿ,
ದುಡ್ಡು ಕೊಟ್ಟು ಗಾಳಿ ತಂದೆವಾ ಎಂದು ಕೇಳುತ್ತಾರೆ.
"ಗಾಳಿ ಇಲ್ಲದ್ರೆ ಒಲೆ ಹತ್ತುದುಂಟಾ?" ಅಂದಳು ಅವಳು.
"ನಿಮ್ಮ ಆ ಹಲಗೆಯನ್ನೇ ಒಲೆಗೆ ಹಾಕಿ ನೋಡಿ.
ಅಂಟಿನ ವಾಸನೆ ಬರ್ತದೆ, ಬೆಂಕಿ ಬರುದಿಲ್ಲ.
ಗಾಳಿಗೂ ಬಿಲ್ಲು ಬರೆಯಲಿಕ್ಕೆ ಹೇಳಿ."
ಆಮೇಲೆ, ಅನ್ನ ಉಕ್ಕಿತು ಎಂದು ಇಟ್ಟುಬಿಟ್ಟಳು.

ಒಲೆಯ ಮುಂದೆ ಅವಳು ಕಣಕ್ ಅನ್ನುತ್ತಾಳೆ,
ಹಾಜಿಯವರು ವಿರಗ್,
ಸುಲಿಯುವ ಯಂತ್ರದ ಹತ್ತಿರ ಅಸ್ಸಾಮಿನ ರಫಿಕುಲ್ ಖೊರಿ ಅನ್ನುತ್ತಾನೆ,
ನಾನು ಕಟ್ಟಿಗೆ.
ಆ ಪರಿವರ್ತನೆಯಲ್ಲಿ ಯಾರಿಗೂ ಏನೂ ಕಡಿಮೆ ಬೀಳುವುದಿಲ್ಲ.
ಒಂದು ದಂಡಿಗೆ ಒಂದು ದಂಡು.

ಫಾರಮಿನಲ್ಲಿ ಒಂದು ದಶಮಾಂಶ ಎಂಟು ಒಂದು ಎಂದು ಬರೆದೆ.
ಷರಾ ಎಂಬ ಕಡೆ:
ಉಳಿದದ್ದು ಉರಿಯಲು ಬೇಕಾದ ಗಾಳಿ, ಬೆಲೆ ಇಲ್ಲ.
ಮಲಯಾಳದಲ್ಲಿ ಬರೆಯಬೇಕಲ್ಲ, ಅಂದರು ಮಾಷ್ಟ್ರು,
ಗಾಳಿಗೆ ಕಾಟ್ಟ್ ಅಂತ ಹಾಕಬಹುದಾ?
ಕಾಟ್ಟ್ ಅಂದರೆ ಬೀಸುವುದಲ್ಲವಾ. ಇದು ಬೀಸುವುದಿಲ್ಲ.
ಅಟ್ಟಿಯೊಳಗೆ ಸುಮ್ಮನೆ ಕೂತಿರುವುದಕ್ಕೆ
ಏನನ್ನುತ್ತಾರೋ, ಇಬ್ಬರಿಗೂ ಹೊಳೆಯಲಿಲ್ಲ.

ಎದ್ದು ಅಂಗಳಕ್ಕೆ ಬಂದೆವು.
ಶಾಲೆಗೆಂದು ಹೊಸದಾಗಿ ಪೇರಿಸಿದ ಅಟ್ಟಿ.
ಅದರ ಸಂದುಗಳಲ್ಲಿ ಆಚೆಯ ರಸ್ತೆಯ ಬಸ್ಸೊಂದು
ಕೆಂಪು ಚೂರು ಚೂರಾಗಿ ಹಾದು
ಕೊನೆಯ ದಂಡು ದಾಟಿದ ಮೇಲೆ ಇಡಿಯಾಗಿ ಕಂಡಿತು.
ಪೆರ್ಲದ ಕಡೆಗೆ.